ಕಾಲು ಕೆಜಿ ಡ್ರೋನಿಗೆ ಅಷ್ಟು ದೊಡ್ಡ ವಿಮಾನ ಯಾಕೆ ಹೆದರ್ಬೇಕು?

ಹೋದ ಸಂಚಿಕೇಲಿ ಲಾಸ್ ಏಂಜಲೀಸ್ ಕಾಡ್ಗಿಚ್ಚಿನ ಬಗ್ಗೆ ಬರೀತಾ, ಬೆಂಕಿ ಆರಿಸ್ತಿದ್ದ ವಿಮಾನದ ರೆಕ್ಕೆಗೆ ಯಾರದೋ ಡ್ರೋನ್ ಬಡಿದು ತೂತಾಯ್ತು ಅಂತ ಎರಡೇ ಸಾಲು ಬರ್ದಿದ್ದೆ. ಆ ಎರಡು ಸಾಲಿಗೆ ಬಂದಷ್ಟು ಇಮೇಲು, ವಾಟ್ಸಾಪ್ ಮೆಸೇಜು ಇಡೀ ಲೇಖನಕ್ಕೆ ಬಂದಿಲ್ಲ. ಕೆಲವ್ರಿಗೆ ಆಶ್ಚರ್ಯ, ಕೆಲವ್ರಿಗೆ ಕೋಪ, ಡ್ರೋನ್ ಇಟ್ಕೊಂಡೋರಿಗೆ ಸ್ವಲ್ಪ ಬೇಜಾರು ಕೂಡ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದೇ ವಿಷಯಕ್ಕೆ.

ಪ್ರಶ್ನೆ: ಮೇಡಂ ನಮಸ್ಕಾರ. ನಾವು ತುಮಕೂರಿನವ್ರು, ತುಂಬಾ ವರ್ಷದಿಂದ ಕ್ಯಾಲಿಫೋರ್ನಿಯಾದಲ್ಲಿ ಇದ್ದೀವಿ. ಜನವರಿ ಬೆಂಕಿ ಟೈಮಲ್ಲಿ ಪರಿಚಯದ ಫ್ಯಾಮಿಲಿ ಒಂದು ಪಾಸಡೀನಾ ಕಡೆ ಮನೆ ಬಿಟ್ಟು ನಮ್ಮಲ್ಲಿ ಬಂದು ಉಳ್ಕೊಂಡಿದ್ರು. ಮನೆ ಇದ್ಯೋ ಸುಟ್ಟೋಯ್ತೋ ಗೊತ್ತಿಲ್ಲ, ರಾತ್ರಿಯೆಲ್ಲ ಯಾರಿಗೂ ನಿದ್ದೆ ಇಲ್ಲ. ಅವ್ರ ಮಗ "ಡ್ರೋನ್ ಕಳಿಸಿ ಒಂದ್ಸಲ ನೋಡ್ಕೊಂಡು ಬರ್ತೀನಿ" ಅಂದ, ನಾವು ಬೇಡ ಅಂದ್ವಿ, ಆದ್ರೆ ಯಾಕೆ ಬೇಡ ಅಂತ ನಮಗೂ ಸರಿಯಾಗಿ ಹೇಳೋಕಾಗ್ಲಿಲ್ಲ. ನಿಜವಾಗ್ಲೂ ಅದು ಅಷ್ಟು ದೊಡ್ಡ ತಪ್ಪಾ?
(ಓದುಗರೊಬ್ಬರು, ಅರ್ವೈನ್)

ಉತ್ತರ: ನೀವು ಬೇಡ ಅಂದಿದ್ದು ತುಂಬಾ ಒಳ್ಳೇದಾಯ್ತು. ಆ ಹುಡುಗನ ಸಂಕಟ ನಂಗೆ ಅರ್ಥ ಆಗುತ್ತೆ, ಮನೆ ಕಳ್ಕೊಂಡ್ವಾ ಇಲ್ವಾ ಅಂತ ಗೊತ್ತಿಲ್ಲದೆ ಕೂರೋದಿದ್ಯಲ್ಲ, ಅದು ಕಳ್ಕೊಂಡಿದ್ದಕ್ಕಿಂತ ಕಷ್ಟ. ಆದ್ರೆ ಅದೇ ವಾರ ಪಕ್ಕದ ಬೆಂಕೀಲಿ ಏನಾಯ್ತು ನೋಡಿ.

2025ರ ಜನವರಿ 7ಕ್ಕೆ ಬೆಳಗ್ಗೆ ಪ್ಯಾಲಿಸೇಡ್ಸ್ ಬೆಂಕಿ ಶುರುವಾಯ್ತು, ಅದೇ ದಿನ ಸಂಜೆ ಪಾಸಡೀನಾ ಮಗ್ಗುಲಿನ ಆಲ್ಟಡೀನಾ ಕಡೆ ಈಟನ್ ಬೆಂಕಿ. ಆ ರಾತ್ರಿ ಗಾಳಿ ಹೆಂಗಿತ್ತು ಅಂದ್ರೆ ವಿಮಾನ, ಹೆಲಿಕಾಪ್ಟರ್ ಹಾರಿಸೋಕೇ ಆಗ್ಲಿಲ್ಲ, ಮನೆಗಳು ಸಾಲುಸಾಲಾಗಿ ಉರಿದ್ವು. ಗಾಳಿ ಸ್ವಲ್ಪ ಇಳಿದ ಮೇಲೆ ವಿಮಾನಗಳು ಮೇಲೇರಿದ್ವು. ಅದ್ರಲ್ಲಿ ಕೆನಡಾದ ಕ್ವಿಬೆಕ್ ಸರ್ಕಾರದ ಸಿಎಲ್-415 ಅನ್ನೋ ಹಳದಿ-ಕೆಂಪು ಬಣ್ಣದ ವಿಮಾನ ಕೂಡ ಇತ್ತು, ಅಲ್ಲಿ ಅದನ್ನ ಸೂಪರ್ ಸ್ಕೂಪರ್ ಅಂತಾರೆ. 1994ರಿಂದ ಲಾಸ್ ಏಂಜಲೀಸ್ ಕೌಂಟಿಯವ್ರು ಇಂಥ ವಿಮಾನವನ್ನ ಕ್ವಿಬೆಕ್‌ನಿಂದ ಬಾಡಿಗೆಗೆ ತರಿಸ್ಕೊಳ್ತಾ ಇದ್ದಾರೆ. ಇದು ನೀರು ತುಂಬಿಸ್ಕೊಳ್ಳೋಕೆ ಏರ್‌ಪೋರ್ಟಿಗೆ ವಾಪಸ್ ಹೋಗೋದೇ ಬೇಡ, ಸಮುದ್ರದ ಮೇಲೆ ಹೊಟ್ಟೆ ಸವರ್ಕೊಂಡು ಓಡುತ್ತೆ, 12 ಸೆಕೆಂಡಲ್ಲಿ 6,000 ಲೀಟರಿಗಿಂತ ಜಾಸ್ತಿ ನೀರು ಒಳಗೆ, ಹಾಗೇ ಮೇಲೇರಿ ಬೆಂಕಿ ಮೇಲೆ ಸುರಿದು ಮತ್ತೆ ಸಮುದ್ರಕ್ಕೆ. ಬೆಂಕಿ ಕರಾವಳಿ ಪಕ್ಕದಲ್ಲೇ ಇತ್ತಲ್ಲ, ಆ ಜಾಗಕ್ಕೆ ಇದಕ್ಕಿಂತ ಒಳ್ಳೇ ವಿಮಾನ ಇನ್ನೊಂದಿಲ್ಲ.

ಜನವರಿ 9ಕ್ಕೆ ಒಬ್ಬ ಮನುಷ್ಯ ಸಾಂಟಾ ಮೋನಿಕಾದ ಪಾರ್ಕಿಂಗ್ ಕಟ್ಟಡದ ಮೇಲಿನ ಮಹಡಿಗೆ ಕಾರಲ್ಲಿ ಹೋಗಿ, ಬೆಂಕಿ ಏನೇನು ಸುಟ್ಟಿದೆ ನೋಡೋಣ ಅಂತ ಡಿಜೆಐ ಅನ್ನೋ ಕಂಪನಿಯ ಸಣ್ಣ ಮಿನಿ ಡ್ರೋನ್ ಹಾರಿಸ್ದ. ಅದು 2,500 ಮೀಟರ್‌ಗಿಂತ ದೂರ ಹೋಯ್ತು, ಅಷ್ಟೊತ್ತಿಗೆ ಅವನ ಕಣ್ಣಿಗೆ ಡ್ರೋನ್ ಕಾಣ್ತಾನೇ ಇರ್ಲಿಲ್ಲ, ಬರೀ ಸ್ಕ್ರೀನ್ ನೋಡ್ತಿದ್ದ. ಆ ಡ್ರೋನ್ ಹೋಗಿ ಈ ವಿಮಾನಕ್ಕೆ ಬಡೀತು. ಒಳಗೆ ಇಬ್ರಿದ್ರು. ವಿಮಾನ ಇಳಿದ ಮೇಲೆ ಮೆಕ್ಯಾನಿಕ್‌ಗಳು ನೋಡಿದ್ರೆ ಎಡ ರೆಕ್ಕೇಲಿ 3 ಇಂಚು ಅಗಲ 6 ಇಂಚು ಉದ್ದದ ತೂತು. ನಿಮ್ಮ ಕೈಲಿರೋ ಮೊಬೈಲನ್ನ ಒಂದ್ಸಲ ತಿರುಗಿಸಿ ನೋಡಿ, ಹೆಚ್ಚುಕಮ್ಮಿ ಅದೇ ಅಳತೆ.

ಇಬ್ರೂ ಜೀವಂತ ಇಳಿದ್ರು, ದೇವರು ದೊಡ್ಡವನು. ಆದ್ರೆ ವಿಮಾನವನ್ನ ರಿಪೇರಿಗೆ ನಿಲ್ಲಿಸಿದ್ರು. ಅದೂ ಯಾವ ದಿನಗಳಲ್ಲಿ? ಪ್ಯಾಲಿಸೇಡ್ಸ್ ಬೆಂಕಿ ಒಂದ್ರಲ್ಲೇ 6,800 ಕಟ್ಟಡ ನಾಶ ಆಯ್ತು, 12 ಜನ ತೀರ್ಕೊಂಡ್ರು, ಅಂಥ ಬೆಂಕಿ ಇನ್ನೂ ಉರೀತಿರೋವಾಗ. ನಂಗೆ ಹೊಟ್ಟೇಲಿ ಸಂಕಟ ಆಗೋದು ಆ ತೂತು ನೆನೆಸ್ಕೊಂಡ್ರೆ ಅಲ್ಲ, ಹ್ಯಾಂಗರ್‌ನಲ್ಲಿ ನಿಂತಿದ್ದ ಆ ಹೊತ್ತಲ್ಲಿ ಅದು ಎಷ್ಟು ಸಲ ಸಮುದ್ರಕ್ಕೆ ಹೋಗಿ ಬರ್ತಿತ್ತು ಅಂತ ಲೆಕ್ಕ ಹಾಕಿದ್ರೆ.

ಡ್ರೋನ್ ಚೂರುಗಳನ್ನ ಹಿಡ್ಕೊಂಡು ಎಫ್‌ಬಿಐನವ್ರು ಅವನನ್ನ ಹುಡುಕಿದ್ರು. ತಪ್ಪು ಒಪ್ಕೊಂಡ, 65,169 ಡಾಲರ್ ಕಟ್ಟಿಕೊಡ್ತೀನಿ, ಬೆಂಕಿ ಸಂತ್ರಸ್ತರಿಗಾಗಿ 150 ಗಂಟೆ ಸಮಾಜಸೇವೆ ಮಾಡ್ತೀನಿ ಅಂತ ಒಪ್ಪಿಗೆ ಕೊಟ್ಟ, ಆಮೇಲೆ ಕೋರ್ಟು 14 ದಿನ ಜೈಲು ಶಿಕ್ಷೇನೂ ಕೊಡ್ತು. ಅವನಿಗೆ ಯಾರ ಮೇಲೂ ದ್ವೇಷ ಇರ್ಲಿಲ್ಲ. ನಿಮ್ಮ ಮನೇಲಿದ್ದ ಹುಡುಗನ ಥರಾನೇ, ನೋಡ್ಬೇಕು ಅನ್ನಿಸ್ತು, ಅಷ್ಟೇ.

ಮನೆ ನೋಡೋಕೆ ಬೇರೆ ದಾರಿ ಇದೆ, ಇದನ್ನ ನಿಮ್ಮ ಫ್ರೆಂಡ್ಸಿಗೂ ಹೇಳಿಡಿ. ವಾಚ್ ಡ್ಯೂಟಿ ಅಂತ ಒಂದು ಆಪ್ ಇದೆ, ಬೆಂಕಿ ಎಲ್ಲಿದೆ ಯಾವ ಕಡೆ ಹೋಗ್ತಿದೆ ಅಂತ ಆಗಿಂದಾಗ್ಗೆ ಹಾಕ್ತಾರೆ. ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಸ್ಯಾನ್ ಡಿಯಾಗೋ ಕ್ಯಾಂಪಸ್ಸಿನವ್ರು ಬೆಟ್ಟಗಳ ಮೇಲೆ ಇಟ್ಟಿರೋ ಅಲರ್ಟ್ ಕ್ಯಾಲಿಫೋರ್ನಿಯಾ ಕ್ಯಾಮೆರಾಗಳು ಸಾವಿರಕ್ಕೂ ಜಾಸ್ತಿ ಇದಾವೆ, ಫೋನಲ್ಲೇ ನೋಡ್ಬೋದು. ಬೆಂಕಿ ಹತೋಟಿಗೆ ಬಂದ್ಮೇಲೆ ಸರ್ಕಾರದವ್ರೇ ಮನೆಮನೆ ಪರಿಶೀಲಿಸಿ ಮ್ಯಾಪಲ್ಲಿ ಹಾಕ್ತಾರೆ. ಒಂದೆರಡು ದಿನ ತಡ ಆಗ್ಬೋದು, ಆ ತಡ ಸಹಿಸೋದು ಕಷ್ಟ ಅಂತಾನೂ ಗೊತ್ತು.

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು. ಆಕಾಶದಲ್ಲಿ ಹದ್ದು, ಗಿಡುಗ, ಕೊಕ್ಕರೆ ಎಲ್ಲಾ ಹಾರುತ್ತವೆ, ಅವೂ ವಿಮಾನಕ್ಕೆ ಬಡಿಯುತ್ತವೆ. ಅವಕ್ಕಿಂತ ಹಗುರದ ಪ್ಲಾಸ್ಟಿಕ್ ಆಟಿಕೆಗೆ ಇಷ್ಟು ಗಾಬರಿ ಯಾಕೆ ಎಂದು ತಿಳಿಸಿ.
(ಹಿರಿಯ ಓದುಗರು, ದಾವಣಗೆರೆ)

ಉತ್ತರ: ಮೇಷ್ಟ್ರೇ, ನಂಗೂ ಮೊದಲು ಇದೇ ಅನುಮಾನ ಇತ್ತು. ಆ ಮಿನಿ ಡ್ರೋನ್ ತೂಕ 249 ಗ್ರಾಂ, ಅಂಗಡೀಲಿ ಕೊಡೋ ಕಾಲು ಕೆಜಿ ಕಾಫಿಪುಡಿ ಪೊಟ್ಟಣದಷ್ಟು. ಆದ್ರೆ ಕಾಫಿಪುಡಿ ಥರ ಮೆತ್ತಗಿಲ್ಲ, ಅದೇ ವ್ಯತ್ಯಾಸ.

ಹಕ್ಕಿ ಮೈಯಲ್ಲಿ ಬಹುಪಾಲು ನೀರು, ಮಾಂಸ, ಟೊಳ್ಳು ಮೂಳೆ, ಬಡಿದ ತಕ್ಷಣ ಚದುರಿ ಹೋಗುತ್ತೆ. ಡ್ರೋನ್ ಒಳಗೆ ಲೋಹದ ಮೋಟಾರು, ಕ್ಯಾಮೆರಾ, ಗಟ್ಟಿಯಾದ ಲಿಥಿಯಂ ಬ್ಯಾಟರಿ. ಅಮೆರಿಕದ ಡೇಟನ್ ಯೂನಿವರ್ಸಿಟಿಯವ್ರು 2018ರಲ್ಲಿ ಇದನ್ನ ಪರೀಕ್ಷೆ ಮಾಡಿ ತೋರಿಸಿದ್ರು. ಸುಮಾರು ಒಂದು ಕೆಜಿ ತೂಕದ ಡ್ರೋನನ್ನ ಗಂಟೆಗೆ 238 ಮೈಲಿ ವೇಗದಲ್ಲಿ ಸಣ್ಣ ವಿಮಾನವೊಂದರ ರೆಕ್ಕೆಗೆ ಹೊಡೆದ್ರು, ಆಮೇಲೆ ಅಷ್ಟೇ ತೂಕದ, ಜೆಲ್‌ನಿಂದ ಮಾಡಿದ ಹಕ್ಕಿಯನ್ನೂ ಹೊಡೆದ್ರು. ಜೆಲ್ ಹಕ್ಕಿ ರೆಕ್ಕೆ ಅಂಚನ್ನ ಹೆಚ್ಚು ಜಜ್ಜಿತ್ತು, ಆದ್ರೆ ಡ್ರೋನ್ ಒಳಗೆ ಆಳಕ್ಕೆ ನುಗ್ಗಿ ರೆಕ್ಕೆಯ ಮುಖ್ಯ ತೊಲೆಗೇ ಪೆಟ್ಟು ಕೊಟ್ಟಿತ್ತು. ಹಳೇ ಮನೆ ಸೂರಿಗೆ ತೊಲೆ ಹೆಂಗೋ ರೆಕ್ಕೆಗೆ ಅದು ಹಂಗೆ, ಗೋಡೆ ಬಣ್ಣ ಕಿತ್ತೋದ್ರೆ ಒಂದು, ತೊಲೆ ಬಿರುಕು ಬಿಟ್ರೆ ಇನ್ನೊಂದು.

ಇನ್ನೊಂದು ವಿಷ್ಯ. ಹಕ್ಕಿಗೆ ಜೀವಭಯ ಇದೆ, ಹೊಗೆ, ಬೆಂಕಿ, ಇಂಜಿನ್ ಸದ್ದು ಕಂಡ್ರೆ ಸಾಮಾನ್ಯವಾಗಿ ದೂರ ಹೋಗುತ್ತೆ. ಡ್ರೋನನ್ನ ಅಲ್ಲಿಗೆ ಕಳಿಸೋದೇ ಆ ಹೊಗೆ, ಬೆಂಕಿ, ವಿಮಾನ ವಿಡಿಯೋ ಮಾಡೋಕೆ. ಹೆಲಿಕಾಪ್ಟರ್ ಆದ್ರೆ ಇನ್ನೂ ಕಷ್ಟ, ಹಿಂದಿನ ಸಣ್ಣ ಫ್ಯಾನ್ ಇದ್ಯಲ್ಲ, ಅದಕ್ಕೆ ಗಟ್ಟಿ ವಸ್ತು ಬಡಿದ್ರೆ ಮರದ ತುದಿ ಎತ್ತರದಲ್ಲಿ ಸರಿ ಮಾಡ್ಕೊಳ್ಳೋಕೆ ಪೈಲಟ್‌ಗೆ ಟೈಮೇ ಇರಲ್ಲ.

ಪ್ರಶ್ನೆ: ಮೇಡಂ, ನಾನು ಅರಸೀಕೆರೇಲಿ ಮದುವೆ ಶೂಟಿಂಗ್ ಮಾಡ್ತೀನಿ, ಡ್ರೋನೇ ನಮಗೆ ಅನ್ನ. ನೀವು ಬರ್ದಿದ್ದು ಓದಿ ಬೇಜಾರಾಯ್ತು, ಎಲ್ಲಾ ಡ್ರೋನ್ ಹುಡುಗ್ರೂ ಬೇಜವಾಬ್ದಾರಿಗಳು ಅನ್ನೋ ಹಾಗಿತ್ತು. ಆಕಾಶ ಅಷ್ಟು ದೊಡ್ಡದಿದೆ, ಒಂದು ಡ್ರೋನ್ ಕಂಡ್ರೆ ಅದನ್ನ ಬಿಟ್ಟು ಪಕ್ಕದಲ್ಲಿ ಹೋಗ್ಬೋದಲ್ವಾ, ಎಲ್ಲಾ ವಿಮಾನಾನೂ ಯಾಕೆ ನಿಲ್ಲಿಸ್ತಾರೆ?

ಉತ್ತರ: ಬೇಜಾರು ಮಾಡ್ಕೋಬೇಡಿ, ನಿಮ್ಮ ಕೆಲಸದ ಮೇಲೆ ನಂಗೆ ಗೌರವ ಇದೆ. ಛತ್ರದ ಮುಂದೆ ಕರೆಂಟ್ ವೈರು, ತೆಂಗಿನ ಗರಿ, ಪೆಂಡಾಲು, ಓಡಾಡೋ ಮಕ್ಕಳು ಇಷ್ಟರ ಮಧ್ಯೆ ಹಾರಿಸೋರು ನೀವು, ಹಾಗಾಗಿ ಇದು ನಿಮಗೆ ಬೇರೆಯವ್ರಿಗಿಂತ ಬೇಗ ಅರ್ಥ ಆಗುತ್ತೆ.

ಮೊದಲು ಎತ್ತರದ ಲೆಕ್ಕ. ಡ್ರೋನಿಗೆ ಅಲ್ಲೂ ಇಲ್ಲೂ ಮಾಮೂಲಿ ಮಿತಿ 400 ಅಡಿ. ಬೇರೆ ದಿನ, ಏರ್‌ಪೋರ್ಟ್ ಹತ್ರ ಬಿಟ್ರೆ, ವಿಮಾನ ಸಾಮಾನ್ಯವಾಗಿ ಅಷ್ಟು ಕೆಳಗೆ ಬರಲ್ಲ, ಮೇಲಿನ ಆಕಾಶ ಅವ್ರದ್ದು, ಕೆಳಗಿಂದು ನಿಮ್ಮದು. ಬೆಂಕಿ ದಿನ ಮಾತ್ರ ಈ ಲೆಕ್ಕ ಉಲ್ಟಾ. ನೀರು, ಬೆಂಕಿ ಹರಡದ ಹಾಗೆ ತಡೆಯೋ ಕೆಂಪು ದ್ರಾವಣ ಸುರಿಯೋ ದೊಡ್ಡ ವಿಮಾನಗಳು ಮರದ ಮೇಲೆ 150-200 ಅಡಿಗೆ ಇಳೀತವೆ, ಇನ್ನೂ ಮೇಲಿಂದ ಸುರಿದ್ರೆ ಗಾಳಿಗೆ ಹಾರೋಗುತ್ತೆ. ಅಂದ್ರೆ ಕರೆಕ್ಟಾಗಿ ಡ್ರೋನ್ ಹಾರೋ ಜಾಗಕ್ಕೇ ಬರ್ತವೆ, ಅದೂ ಹೊಗೆ ಒಳಗೆ, ಬೆಟ್ಟದ ಇಳಿಜಾರಲ್ಲಿ, ಟನ್‌ಗಟ್ಟಲೆ ಭಾರ ಹೊತ್ಕೊಂಡು. ಅಂಥ ವಿಮಾನ ಕಾರಿನ ಥರ ಸ್ಟೀರಿಂಗ್ ತಿರುಗಿಸಿ ಪಕ್ಕಕ್ಕೆ ಹೋಗೋಕಾಗಲ್ಲ.

ಎರಡನೇದು, ಬೆಂಕಿ ಮೇಲಿನ ಆಕಾಶ ಖಾಲಿ ಆಕಾಶ ಅಲ್ಲ, ಅದು ಸಂತೆ ದಿನದ ರಸ್ತೆ ಇದ್ದ ಹಾಗೆ. ಎಲ್ಲಕ್ಕಿಂತ ಮೇಲೆ ಒಂದು ಸಣ್ಣ ವಿಮಾನ ಸುತ್ತುತ್ತಾ ಇರುತ್ತೆ, ಅದ್ರಲ್ಲಿ ಕೂತಿರೋರು ರೇಡಿಯೋದಲ್ಲಿ ನೀನು ಈ ಎತ್ತರ, ನೀನು ಆ ಕಡೆಯಿಂದ ಬಾ, ನೀನು ಕಾಯಿ ಅಂತ ಪ್ರತಿಯೊಬ್ಬರಿಗೂ ಹೇಳ್ತಾ ಇರ್ತಾರೆ. ಡ್ರೋನ್ ಆ ರೇಡಿಯೋದಲ್ಲಿ ಇಲ್ಲ, ಸಣ್ಣದಾದ್ರಿಂದ ರಾಡಾರಲ್ಲೂ ಸರಿಯಾಗಿ ಕಾಣಲ್ಲ. ಒಂದು ಕಣ್ಣಿಗೆ ಬಿತ್ತು ಅಂದ್ರೆ ಕಾಣದೇ ಇರೋವು ಎಷ್ಟಿವೆಯೋ ಗೊತ್ತಿಲ್ಲ, ಅದು ಇಳೀತಾ, ಮರದ ಹಿಂದೆ ಹೋಯ್ತಾ, ಬ್ಯಾಟರಿ ಬದಲಾಯಿಸ್ಕೊಂಡು ಮತ್ತೆ ಬರುತ್ತಾ, ಯಾರಿಗೂ ಗೊತ್ತಾಗಲ್ಲ. ಗೊತ್ತಿಲ್ಲದೆ ಇಬ್ಬರು ಪೈಲಟ್‌ಗಳನ್ನ ಒಳಗೆ ಕಳಿಸೋಕೆ ಯಾರಿಗೆ ಮನಸ್ಸು ಬರುತ್ತೆ ಹೇಳಿ? ಅದಕ್ಕೇ ಎಲ್ಲರನ್ನೂ ವಾಪಸ್ ಕರೀತಾರೆ.

ಆ ವಾಪಸ್ ಕರೆದ ಹೊತ್ತಲ್ಲಿ ಏನಾಗ್ಬೋದು ಅನ್ನೋದಕ್ಕೆ 2015ರ ಜುಲೈ 17ರ ಕಥೆ ಸಾಕು. ಲಾಸ್ ಏಂಜಲೀಸ್ ಕಡೆಯಿಂದ ಲಾಸ್ ವೇಗಸ್‌ಗೆ ಹೋಗೋ ಇಂಟರ್‌ಸ್ಟೇಟ್ 15 ಹೆದ್ದಾರಿ ಕಹೋನ್ ಪಾಸ್ ಅನ್ನೋ ಘಾಟಿ ದಾಟುತ್ತೆ, ನಮ್ಮ ಶಿರಾಡಿ, ಚಾರ್ಮಾಡಿಗಿಂತ ಎಷ್ಟೋ ಅಗಲದ ರಸ್ತೆ. ಪಕ್ಕದ ಒಣ ಪೊದೆಗೆ ಬೆಂಕಿ ಬಿತ್ತು, ಟ್ರಾಫಿಕ್ ನಿಂತೋಯ್ತು, ಜನ ಕಾರು ಅಲ್ಲೇ ಬಿಟ್ಟು ಓಡಿದ್ರು. ಮೇಲೆ ಐದು ಡ್ರೋನ್ ಕಂಡ್ವು ಅಂತ ಹೆಲಿಕಾಪ್ಟರ್‌ಗಳು ಸುಮಾರು 20 ನಿಮಿಷ ದೂರ ಸರೀಬೇಕಾಯ್ತು. ಸುಮಾರು 20 ವಾಹನ ರಸ್ತೆ ಮೇಲೇ ಸುಟ್ಟೋದ್ವು. ಡ್ರೋನ್ ಇಲ್ಲದಿದ್ರೆ ಎಲ್ಲಾ ಉಳೀತಿತ್ತು ಅಂತ ನಾನು ಹೇಳ್ತಿಲ್ಲ, ಗಾಳಿ ಜೋರಿತ್ತು. ಆದ್ರೆ ಬೆಂಕಿ ಹೆದ್ದಾರಿ ಮೇಲಿರೋವಾಗ 20 ನಿಮಿಷ ಅಂದ್ರೆ ತುಂಬಾ ದೊಡ್ಡ ಹೊತ್ತು. ಅದಕ್ಕೆ ಮುಂಚೆ ಜೂನಲ್ಲಿ, ಅದೇ ಜಿಲ್ಲೆಯ ಲೇಕ್ ಫೈರ್ ಅನ್ನೋ ಬೆಂಕೀಲಿ ಡಿಸಿ-10 ಅನ್ನೋ ದೊಡ್ಡ ಜೆಟ್ ಸೇರಿದ ಹಾಗೆ ವಿಮಾನಗಳು ಡ್ರೋನ್‌ನಿಂದಾಗಿ ಅಲ್ಲಿ ಸುರಿಯದೇ ತಿರುಗಿ ಹೋಗಿದ್ವು. 2017ರಲ್ಲಿ ಅರಿಜೋನಾದ ಗುಡ್ವಿನ್ ಬೆಂಕೀಲಿ ಒಂದೇ ಡ್ರೋನಿಗೆ 14 ವಿಮಾನ, ಹೆಲಿಕಾಪ್ಟರ್ ನಿಂತ್ವು. ಅಲ್ಲಿ ಬೆಂಕಿ ಆರಿಸೋರು ಬೋರ್ಡ್ ಮೇಲೆಲ್ಲ ಹಾಕೋದು ಒಂದೇ ಮಾತು: ನೀವು ಹಾರಿಸಿದ್ರೆ ನಾವು ಹಾರೋಕಾಗಲ್ಲ.

"ಬೇಡದ ಜಾಗದಲ್ಲಿ ಆಪ್ ತಾನೇ ತಡೆಯುತ್ತೆ" ಅಂತ ನಿಮ್ಮ ಗೆಳೆಯರು ಹೇಳ್ಬೋದು. ನಂಬ್ಕೊಂಡು ಕೂರ್ಬೇಡಿ. ಮೇಲೆ ಹೇಳಿದ ಡಿಕ್ಕಿ ಆಗಿ ನಾಲ್ಕೇ ದಿನಕ್ಕೆ, ಅಂದ್ರೆ 2025ರ ಜನವರಿ 13ಕ್ಕೆ, ಡಿಜೆಐ ಕಂಪನಿ ಅಮೆರಿಕದಲ್ಲಿ ತನ್ನ ಆಪ್‌ನ ಆ ತಡೆ ತೆಗೆದು ಬರೀ ಎಚ್ಚರಿಕೆ ತೋರಿಸೋ ಹಾಗೆ ಮಾಡ್ತೀವಿ ಅಂತ ಪ್ರಕಟ ಮಾಡ್ತು. ಜವಾಬ್ದಾರಿ ಈಗ ಪೂರ್ತಿ ರಿಮೋಟ್ ಹಿಡಿದವ್ರದ್ದು.

ಪ್ರಶ್ನೆ: ಅಕ್ಕಾ, ನಮ್ಮದು ಚಿಕ್ಕಮಗಳೂರು ಕಡೆ ಹೋಂಸ್ಟೇ. ಫೆಬ್ರವರಿ ಮಾರ್ಚಲ್ಲಿ ಎದುರಿನ ಗುಡ್ಡದ ಹುಲ್ಲಿಗೆ ಬೆಂಕಿ ಬಿದ್ರೆ ಗೆಸ್ಟ್‌ಗಳು ರೀಲ್ಸಿಗೆ ಡ್ರೋನ್ ಬಿಡ್ತಾರೆ. ಇದು ಸಣ್ಣ ಡ್ರೋನ್, ಲೈಸೆನ್ಸ್ ಬೇಡ ಅಂತಾರೆ. ನಮ್ಮಲ್ಲಿ ವಿಮಾನ ಎಲ್ಲಿ ಬರುತ್ತೆ ಅಂತಾನೂ ಅಂತಾರೆ. ಏನು ಹೇಳ್ಲಿ?

ಉತ್ತರ: ವಿಮಾನ ಎಲ್ಲಿ ಬರುತ್ತೆ ಅನ್ನೋರಿಗೆ ಬಂಡೀಪುರ ನೆನಪು ಮಾಡಿ. 2019ರ ಫೆಬ್ರವರಿಲಿ ನಾನು ಗುಂಡ್ಲುಪೇಟೆ ದಾರೀಲಿ ಹೋಗಿದ್ದೆ, ಕಾರಿನ ಗಾಜಿನ ಮೇಲೆ ಕರೀ ಬೂದಿ ಎಳೆಗಳು ಮಳೆ ಹನಿ ಥರ ಬಂದು ಕೂರ್ತಿದ್ವು, ವೈಪರ್ ಹಾಕಿದ್ರೆ ಗಾಜೆಲ್ಲ ಕಪ್ಪು. ರಸ್ತೆ ಅಂಚಲ್ಲಿ ಫೈರ್ ವಾಚರ್ ಹುಡುಗ್ರು ಹಸಿ ಸೊಪ್ಪಿನ ಕೊಂಬೆ ಹಿಡ್ಕೊಂಡು ಬೆಂಕೀನ ಬಡೀತಿದ್ರು. ಒಬ್ಬ ನೀರು ಕುಡಿಯೋಕೆ ಅಂತ ಬಂದ, ಹುಬ್ಬಿನ ಕೂದಲು ಸುಟ್ಟು ಚುರುಟಿ ಹೋಗಿತ್ತು, ಬಾಟ್ಲಿ ಖಾಲಿ ಮಾಡಿ ಒಂದು ಮಾತೂ ಆಡದೆ ಮತ್ತೆ ಹೊಗೆ ಒಳಗೆ ಹೋದ. ಆ ತಿಂಗಳ 25ಕ್ಕೆ ವಾಯುಪಡೆ ಎಂಐ-17 ಹೆಲಿಕಾಪ್ಟರ್ ಕಳಿಸ್ತು, ಕೆಳಗೆ ಬಾಂಬಿ ಬಕೆಟ್ ಅಂತ ದೊಡ್ಡ ಚೀಲ ಕಟ್ಕೊಂಡು ಕೆರೆ ಕಟ್ಟೆಗಳಿಂದ ನೀರು ಎತ್ತಿ ಸುರಿದ್ರು. 2024ರ ಏಪ್ರಿಲ್‌ನಲ್ಲಿ ನೈನಿತಾಲ್ ಬೆಂಕಿಗೂ ಭೀಮತಾಲ್ ಕೆರೆಯಿಂದ ಹೀಗೇ ನೀರು ಎತ್ತಿದ್ರು. ಅಂದ್ರೆ ನಮ್ಮಲ್ಲೂ ಬರ್ತವೆ, ಬರೋ ಹೊತ್ತಿಗೆ ಆಕಾಶ ಖಾಲಿ ಇರ್ಬೇಕು.

ಲೈಸೆನ್ಸ್ ವಿಷ್ಯ. 2021ರ ಡ್ರೋನ್ ನಿಯಮದ ಪ್ರಕಾರ 250 ಗ್ರಾಂ ಒಳಗಿನ ನ್ಯಾನೋ ಡ್ರೋನಿಗೆ ಪೈಲಟ್ ಸರ್ಟಿಫಿಕೇಟ್ ಬೇಡ, ಅದು ನಿಜ. ಆದ್ರೆ ಪೈಲಟ್ ಸರ್ಟಿಫಿಕೇಟ್ ಬೇಡ ಅಂದ್ರೆ ಎಲ್ಲಿ ಬೇಕಾದ್ರೂ ಹಾರಿಸ್ಬೋದು ಅಂತ ಅರ್ಥ ಅಲ್ಲ. ಡ್ರೋನ್ ಎಲ್ಲಿ ಹಾರಿಸ್ಬೋದು ಅಂತ ತೋರಿಸೋ ಸರ್ಕಾರದ ಡಿಜಿಟಲ್ ಸ್ಕೈ ಮ್ಯಾಪಲ್ಲಿ ಹಸಿರು, ಹಳದಿ, ಕೆಂಪು ವಲಯ ಇದೆ. ಅದೇ ನಿಯಮದಲ್ಲಿ ಪೊಲೀಸ್ ವರಿಷ್ಠಾಧಿಕಾರಿ ಮಟ್ಟದವ್ರು ತುರ್ತು ಬಿದ್ರೆ ಒಂದು ಜಾಗವನ್ನ 96 ಗಂಟೆ ತನಕ ಕೆಂಪು ವಲಯ ಅಂತ ಘೋಷಿಸೋಕೆ ಅವಕಾಶ ಇದೆ, ಬೆಳಗ್ಗೆ ಹಸಿರಿದ್ದಿದ್ದು ಮಧ್ಯಾಹ್ನಕ್ಕೆ ಕೆಂಪಾಗ್ಬೋದು. ಇನ್ನು ಅಭಯಾರಣ್ಯ, ಹುಲಿ ಯೋಜನೆ ಜಾಗದಲ್ಲಿ ಅರಣ್ಯ ಇಲಾಖೆ ಅನುಮತಿ ಇಲ್ಲದೆ ಡ್ರೋನ್ ಎತ್ತೋ ಹಾಗೇ ಇಲ್ಲ.

ಹೆಲಿಕಾಪ್ಟರ್ ಬರ್ಲಿಲ್ಲ ಅಂತಾನೇ ಇಟ್ಕೊಳ್ಳಿ, ಆನೆಗಳು ಡ್ರೋನ್ ಸದ್ದಿಗೆ ಬೆದರ್ತವೆ, ಜೇನುನೊಣದ ಸದ್ದಿನ ಥರ ಇರುತ್ತಲ್ಲ. ಬೆಂಕಿಯಿಂದ ತಪ್ಪಿಸ್ಕೊಂಡು ಬರ್ತಿರೋ ಆನೆಗೆ ಮೇಲಿಂದಾನೂ ಹೆದರಿಸಿದ್ರೆ ಅದು ಯಾವ ಕಡೆ ನುಗ್ಗುತ್ತೆ? ಕೆಳಗೆ ಸೊಪ್ಪು ಹಿಡ್ಕೊಂಡು ನಿಂತಿರೋರು ಮನುಷ್ಯರು.

ಗೆಸ್ಟ್‌ಗಳು ಚೆಕ್ ಇನ್ ಆಗೋವಾಗ್ಲೇ ಹೇಳಿಬಿಡಿ, ಬೆಂಕಿ ಕಂಡ್ರೆ ಮೊದಲು ನಮಗೆ ಹೇಳಿ ಅಂತ. ನೀವು 112ಕ್ಕೆ ಫೋನ್ ಮಾಡಿ, ನಿಮ್ಮ ರೇಂಜ್ ಆಫೀಸಿನ ನಂಬರ್ ರಿಸೆಪ್ಷನ್ ಗೋಡೆ ಮೇಲೆ ಬರೆದಿಡಿ.

ಪ್ರಶ್ನೆ: ಅಡ್ಡ ಬರೋ ಡ್ರೋನನ್ನ ಜಾಮರ್ ಹಾಕಿ ಬೀಳಿಸಿಬಿಟ್ರೆ ಆಗಲ್ವಾ? (ಬೆಳಗಾವಿ)

ಉತ್ತರ: ಜಾಮರ್ ಹಾಕಿದ್ರೆ ಬೆಂಕಿ ಆರಿಸೋರ ರೇಡಿಯೋ, ಜಿಪಿಎಸ್ಸಿಗೂ ತೊಂದ್ರೆ ಆಗ್ಬೋದು, ಬಿದ್ದ ಡ್ರೋನಿನ ಲಿಥಿಯಂ ಬ್ಯಾಟರಿ ಒಣಹುಲ್ಲಲ್ಲಿ ಹೊಸ ಬೆಂಕಿ ಹಚ್ಚಬೋದು. ಕ್ಯಾಲಿಫೋರ್ನಿಯಾದಲ್ಲಿ 2016ರಲ್ಲಿ, ತುರ್ತು ಸೇವೆಯವ್ರ ಕೈಲಿ ಅಡ್ಡ ಬಂದ ಡ್ರೋನ್ ಹಾಳಾದ್ರೆ ಅವ್ರು ಪರಿಹಾರ ಕೊಡ್ಬೇಕಿಲ್ಲ ಅಂತ ಕಾನೂನು ತಂದ್ರು. ಆದ್ರೂ ನೂರಾರು ಎಕರೆ ಹೊಗೇಲಿ ಅಂಗೈ ಅಗಲದ ವಸ್ತು ಹುಡುಕಿ ಹೊಡೆಯೋದು ಬೆಂಕಿ ಆರಿಸೋರು ಮಾಡ್ಬೇಕಾದ ಕೆಲಸ ಅಲ್ಲ.

ಪ್ರಶ್ನೆ: ನಾನು ಸೆಕೆಂಡ್ ಪಿಯುಸಿ ಸೈನ್ಸ್. ಅಗ್ನಿಶಾಮಕ ದಳದವ್ರೇ ಕಾಡ್ಗಿಚ್ಚಿಗೆ ಡ್ರೋನ್ ಬಳಸೋ ವಿಡಿಯೋ ನೋಡಿದ್ದೀನಿ. ಅವ್ರಿಗೆ ಸರಿ, ನಮಗೆ ತಪ್ಪು ಯಾಕೆ? (ಶಿರಸಿ)

ಉತ್ತರ: ಒಳ್ಳೇ ಪ್ರಶ್ನೆ ಪುಟ್ಟ. ಅವ್ರ ಡ್ರೋನ್ ಆಗ್ಲೇ ಹೇಳಿದ ಆ ರೇಡಿಯೋ ಲೆಕ್ಕದ ಒಳಗಿರುತ್ತೆ, ಯಾವ ಎತ್ತರ, ಎಷ್ಟೊತ್ತು, ಯಾವಾಗ ಇಳೀಬೇಕು ಅಂತ ಮೇಲಿನವ್ರಿಗೆ ಗೊತ್ತಿರುತ್ತೆ. ಎಷ್ಟೋ ಸಲ ವಿಮಾನಗಳು ಹಾರದ ರಾತ್ರಿ ಹೊತ್ತಲ್ಲೇ ಅವನ್ನ ಎತ್ತೋದು, ಶಾಖ ಗುರುತಿಸೋ ಕ್ಯಾಮೆರಾದಲ್ಲಿ ಬೂದಿ ಕೆಳಗೆ ಇನ್ನೂ ಕೆಂಡ ಎಲ್ಲಿದೆ ಅಂತ ಹುಡುಕ್ತಾರೆ.

ನಿಂಗೆ ಇಷ್ಟ ಆಗೋ ಒಂದು ವಿಷ್ಯ ಹೇಳ್ತೀನಿ. ಕೆಲವು ಡ್ರೋನ್‌ಗಳು ಪಿಂಗ್‌ಪಾಂಗ್ ಬಾಲ್ ಥರದ ಉಂಡೆ ಉದುರಿಸ್ತವೆ, ಅಲ್ಲಿ ಅದನ್ನ ಡ್ರ್ಯಾಗನ್ ಮೊಟ್ಟೆ ಅಂತಾರೆ. ಒಳಗಿರೋದು ನಿಮ್ಮ ಲ್ಯಾಬಿನ ಪೊಟ್ಯಾಸಿಯಂ ಪರ್ಮಾಂಗನೇಟ್. ಉದುರಿಸೋ ಮುಂಚೆ ಮಷೀನು ಅದಕ್ಕೆ ಸೂಜೀಲಿ ಗ್ಲೈಕಾಲ್ ಚುಚ್ಚುತ್ತೆ, ನೆಲಕ್ಕೆ ಬಿದ್ದು ಸ್ವಲ್ಪ ಹೊತ್ತಿಗೆ ಹೊತ್ಕೊಳ್ಳುತ್ತೆ. ದೊಡ್ಡ ಬೆಂಕಿ ಬರೋಕೆ ಮುಂಚೆ ಅದರ ದಾರೀಲಿರೋ ಒಣ ಹುಲ್ಲನ್ನ ತಾವೇ ಹದವಾಗಿ ಸುಟ್ಟುಬಿಡೋಕೆ, ನಮ್ಮ ಅರಣ್ಯ ಇಲಾಖೆಯವ್ರು ಬೇಸಿಗೆ ಮುಂಚೆ ಬೆಂಕಿ ರೇಖೆ ಸುಡ್ತಾರಲ್ಲ, ಆ ಲೆಕ್ಕಾನೇ. ದಯವಿಟ್ಟು ಇದನ್ನ ಮನೇಲಿ ಪ್ರಯತ್ನ ಮಾಡ್ಬೇಡ. ಆಸಕ್ತಿ ಇದ್ರೆ ಹದಿನೆಂಟು ತುಂಬಿದ ಮೇಲೆ ಡಿಜಿಸಿಎ, ಅಂದ್ರೆ ನಮ್ಮ ವಿಮಾನಯಾನ ನಿಯಂತ್ರಣ ಸಂಸ್ಥೆ, ಒಪ್ಪಿದ ತರಬೇತಿ ಸಂಸ್ಥೇಲಿ ರಿಮೋಟ್ ಪೈಲಟ್ ಕೋರ್ಸ್ ಮಾಡು, ಹತ್ತನೇ ಕ್ಲಾಸ್ ಪಾಸಾಗಿದ್ರೆ ಸಾಕು.

ಪ್ರಶ್ನೆ: ನನ್ನ ಮಗ ಸ್ಯಾಕ್ರಮೆಂಟೋದಲ್ಲಿದ್ದಾನೆ, ವೀಕೆಂಡ್ ಬೆಟ್ಟಕ್ಕೆ ಹೋಗಿ ಡ್ರೋನ್ ಹಾರಿಸ್ತಾನೆ. ಹಾರಿಸ್ತಿರೋವಾಗ್ಲೇ ಹೊಗೆ ಕಂಡು ವಿಮಾನದ ಸದ್ದು ಬಂದ್ರೆ ಏನು ಮಾಡ್ಬೇಕು ಅಂತ ಬರೀರಿ, ಅವನಿಗೆ ಕಳಿಸ್ತೀನಿ. (ತಾಯಿಯೊಬ್ಬರು, ಮೈಸೂರು)

ಉತ್ತರ: ಅಮ್ಮಾ, ಇದನ್ನ ಹಾಗೇ ಕಳಿಸಿ. ಹೊಗೆ ಕಂಡ್ರೆ ವಿಮಾನದ ಸದ್ದಿಗೆ ಕಾಯೋದು ಬೇಡ, ಆಗ್ಲೇ ಇಳಿಸ್ಬೇಕು. ಗಾಬರೀಲಿ ಎಲ್ಲರೂ ಒತ್ತೋದು ರಿಟರ್ನ್ ಟು ಹೋಂ ಬಟನ್, ಅದೇ ಅಪಾಯ, ಯಾಕಂದ್ರೆ ಮರ, ಕಂಬ ತಪ್ಪಿಸೋಕೆ ಅಂತ ಎಷ್ಟೋ ಡ್ರೋನ್‌ಗಳು ಆ ಬಟನ್ ಒತ್ತಿದ್ರೆ ಮೊದಲು ಸೆಟ್ ಮಾಡಿರೋ ಎತ್ತರಕ್ಕೆ ಮೇಲೇರಿ ಆಮೇಲೆ ವಾಪಸ್ ಬರ್ತವೆ, ಅಂದ್ರೆ ವಿಮಾನ ಬರ್ತಿರೋ ಎತ್ತರಕ್ಕೇ ಹೋಗಿ ನಿಲ್ಲುತ್ತೆ. ಅದರ ಬದ್ಲು ಸ್ಟಿಕ್ ಕೆಳಗೆ ಎಳೆದು, ಡ್ರೋನ್ ಎಲ್ಲಿದ್ಯೋ ಅಲ್ಲೇ ಮರದ ತುದಿಗಿಂತ ಕೆಳಕ್ಕೆ ತರ್ಬೇಕು, ಹತ್ರದ ಬಯಲಲ್ಲಿ ಇಳಿಸ್ಬೇಕು, ಆಮೇಲೆ ನಡ್ಕೊಂಡು ಹೋಗಿ ತರ್ಲಿ, ಸಿಗಲಿಲ್ಲ ಅಂದ್ರೆ ಬಿಟ್ಟು ಬರ್ಲಿ, ಬೆಂಕಿ ಕಡೆ ಹುಡುಕ್ಕೊಂಡು ಹೋಗೋದು ಬೇಡ. ಅಲ್ಲಿಂದ ಹೊರಡೋ ಮುಂಚೆ 911ಕ್ಕೆ ಫೋನ್ ಮಾಡಿ ಹೊಗೆ ಎಲ್ಲಿ ಕಾಣ್ತು ಅಂತ ಹೇಳ್ಲಿ, ಅಲ್ಲಿ ನಿಮ್ಮ ಮಗನೇ ಅದನ್ನ ಮೊದಲು ನೋಡಿರೋನಾಗಿರ್ಬೋದು.